ರಾಜಮಂಡಲವೂ ಸೇವುಣರ ದೇವಗಿರಿಯೂ: ಒಂದು ವಿಮರ್ಶೆ

ಪರರಾಷ್ಟ್ರನೀತಿಯನ್ನು ಕುರಿತು ಈಚೆಗೆ ಕನ್ನಡದಲ್ಲಿ ಬರುತ್ತಿರುವ ಲೇಖನಗಳನ್ನು ಓದುವವರಿಗೆ ಒಂದು ಸಂಗತಿ ಎದ್ದು ಕಾಣುವಂತಿದೆ. ಯುಕ್ರೇನಿನ ಯುದ್ಧವಾಗಲಿ, ಗಲ್ವಾನ್ ಕಣಿವೆಯ ಘರ್ಷಣೆಯಾಗಲಿ, ಶಾಂಘೈ ಸಹಕಾರ ಸಂಘಟನೆಯ ಸಭೆಯಾಗಲಿ, ಯಾವುದೇ ವಿಷಯವನ್ನೆತ್ತಿಕೊಂಡರೂ ಎರಡನೆಯ ಪುಟಕ್ಕೆ ಬರುವಷ್ಟರಲ್ಲಿ ಕೌಟಿಲ್ಯನು ಪ್ರತ್ಯಕ್ಷನಾಗುತ್ತಾನೆ. ನೆರೆಯ ದೊರೆ ಶತ್ರು, ನೆರೆಯವನ ಆಚೆಯ ದೊರೆ ಮಿತ್ರ, ಇದೇ ಮಂಡಲಸಿದ್ಧಾಂತ, ಇಂದಿನ ಯೂರೇಷ್ಯದ ಮಹಾರಾಷ್ಟ್ರಗಳ ಪೈಪೋಟಿಯೆಲ್ಲವೂ ಇದರಲ್ಲಿ ಅಡಕವಾಗಿದೆ ಎಂದು ಲೇಖಕರು ತೀರ್ಮಾನವನ್ನೂ ಕೊಟ್ಟುಬಿಡುತ್ತಾರೆ. ಎರಡು ಸಾವಿರ ವರ್ಷಗಳ ಹಿಂದೆಯೇ ನಮ್ಮವರು ಎಲ್ಲವನ್ನೂ ಹೇಳಿಟ್ಟಿದ್ದಾರೆಂಬ ಸಮಾಧಾನ ವಾಚಕರಿಗೆ ಉಳಿಯುತ್ತದೆ. ಈ ಸಮಾಧಾನಕ್ಕೆ ಆಧಾರವೆಷ್ಟು ಎಂಬುದನ್ನು ಪರೀಕ್ಷಿಸುವುದೇ ಪ್ರಕೃತ ಲೇಖನದ ಉದ್ದೇಶ. ಶಾಸ್ತ್ರವನ್ನು ಶಾಸ್ತ್ರದಿಂದಲೇ ಖಂಡಿಸುವುದು ಪಂಡಿತರ ಕ್ರಮ. ಆ ಕ್ರಮವನ್ನು ಬಿಟ್ಟು, ನಾವು ಹೊರನಾಡಿನ ಕನ್ನಡಿಗರು ದಿನವೂ ಹಾದುಹೋಗುವ ಒಂದು ಊರಿನ ಇತಿಹಾಸವನ್ನು ಒರೆಗಲ್ಲಾಗಿ ಇಟ್ಟುಕೊಳ್ಳುವುದು ಹೆಚ್ಚು ಫಲಕಾರಿಯಾದೀತೆಂದು ನನಗೆ ತೋರುತ್ತದೆ.

ಆ ಊರು ಚಾಂದವಡ್. ನಾಶಿಕದಿಂದ ಮಾಲೇಗಾಂವಿಗೆ ಹೋಗುವ ಮುಂಬಯಿ-ಆಗ್ರಾ ಹೆದ್ದಾರಿಯಲ್ಲಿ, ಸಾತಮಾಳಾ ಬೆಟ್ಟದ ಸಾಲು ರಸ್ತೆಗೆ ಅಡ್ಡವಾಗಿ ಬಂದು ನಿಂತಂತೆ ಕಾಣುವ ಸ್ಥಳದಲ್ಲಿ ಅದಿದೆ. ಉತ್ತರಕ್ಕೆ ಖಾನದೇಶ, ದಕ್ಷಿಣಕ್ಕೆ ಗೋದಾವರಿಯ ಬಯಲು. ಇವೆರಡರ ನಡುವಣ ಕಣಿವೆದಾರಿಯನ್ನು ಕಾಯುವವನ ಕೈಯಲ್ಲಿ ದಖ್ಖಣದ ಒಂದು ಬಾಗಿಲ ಕೀಲಿ ಇದ್ದಂತೆಯೇ ಸರಿ. ಪ್ರವಾಸಿಗರು ಇಲ್ಲಿ ಅಹಲ್ಯಾಬಾಯಿ ಹೋಳಕರರ ಕಾಲದ ರಂಗಮಹಲನ್ನೂ ರೇಣುಕಾದೇವಿಯ ಗುಡಿಯನ್ನೂ ನೋಡಿ ಮುಂದೆ ಸಾಗುತ್ತಾರೆ. ಆದರೆ ಸೇವುಣ ಯಾದವವಂಶದ ಮೂಲಪುರುಷನಾದ ದೃಢಪ್ರಹಾರನು ಒಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಆಳಿದನೆಂದು ಹೇಳಲಾಗುವ ಚಂದ್ರಾದಿತ್ಯಪುರವು ಈ ಚಾಂದವಡವೇ ಎಂಬುದು ವಿದ್ವಾಂಸರ ಅಭಿಪ್ರಾಯ. ಹೇಮಾದ್ರಿಯು ತನ್ನ ವ್ರತಖಂಡದ ಪ್ರಶಸ್ತಿಯಲ್ಲಿ ರಾಜಧಾನಿಯನ್ನು ಶ್ರೀನಗರವೆಂದು ಕರೆಯುತ್ತಾನೆ. ಶಾಸನದ ಸಾಕ್ಷ್ಯವು ಚಂದ್ರಾದಿತ್ಯಪುರದ ಕಡೆಗಿದೆ. ದೃಢಪ್ರಹಾರನ ಮಗ ಸೇಉಣಚಂದ್ರನು ಕಟ್ಟಿದ ಸೇಉಣಪುರವನ್ನು ಇಂದಿನ ಸಿನ್ನರವೆಂದು ಗುರುತಿಸುತ್ತಾರೆ. ರಾಷ್ಟ್ರಕೂಟರ ಮತ್ತು ಆಮೇಲೆ ಕಲ್ಯಾಣದ ಚಾಳುಕ್ಯರ ಸಾಮಂತರಾಗಿ ಬೆಳೆದ ಈ ಮನೆತನವು ಐದನೆಯ ಭಿಲ್ಲಮನ ಕಾಲದಲ್ಲಿ ಸ್ವತಂತ್ರವಾಗಿ ದೇವಗಿರಿಯನ್ನು ನೆಲೆಮಾಡಿಕೊಂಡಿತು.

ಸೇವುಣರು ಕನ್ನಡಿಗರೋ ಮರಾಠರೋ ಎಂಬ ವಾದ ನಮ್ಮ ಸಂಘದ ಸಭೆಗಳಲ್ಲಿ ಎಷ್ಟು ಸಲ ನಡೆದಿದೆಯೋ ಲೆಕ್ಕವಿಲ್ಲ. ಅವರ ಶಾಸನಗಳಲ್ಲಿ ಕನ್ನಡದವೇ ಅಧಿಕ. ಅಚಣ್ಣನ ವರ್ಧಮಾನಪುರಾಣ, ಕಮಲಭವನ ಶಾಂತೀಶ್ವರಪುರಾಣ, ಪಂಢರಪುರದ ಚೌಂಡರಸನ ದಶಕುಮಾರಚರಿತೆ ಇವು ಅವರ ಆಳಿಕೆಯ ಕಾಲದಲ್ಲಿಯೇ ಹುಟ್ಟಿದವು. ಕೊನೆಯ ಅರ್ಧಶತಮಾನದಲ್ಲಿ ಮರಾಠಿಯು ಶಾಸನಗಳಲ್ಲಿ ಮೇಲ್ಗೈ ಪಡೆಯಿತೆಂಬುದೂ ಅಷ್ಟೇ ನಿಜ. ಈ ವಾದವನ್ನು ಇಲ್ಲಿ ಮುಂದುವರಿಸುವ ಇಚ್ಛೆ ನನಗಿಲ್ಲ. ನೆರೆಯವರಿಬ್ಬರು ಒಬ್ಬ ಪೂರ್ವಜನ ಆಸ್ತಿಗಾಗಿ ಜಗಳವಾಡುತ್ತಿರುವಾಗ ಆ ಪೂರ್ವಜನು ಮನೆ ಕಳೆದುಕೊಂಡದ್ದು ಹೇಗೆ ಎಂಬ ಪ್ರಶ್ನೆಯನ್ನು ಯಾರೂ ಕೇಳುವುದಿಲ್ಲವಷ್ಟೆ. ನನ್ನ ಪ್ರಶ್ನೆ ಅದು.

ಮೊದಲು ಶಾಸ್ತ್ರ ಹೇಳುವುದೇನೆಂಬುದನ್ನು ನೋಡೋಣ. ಅರ್ಥಶಾಸ್ತ್ರದ ಗ್ರಂಥವನ್ನು ಮೈಸೂರಿನ ಓರಿಯೆಂಟಲ್ ಲೈಬ್ರರಿಯಲ್ಲಿ ಗುರುತಿಸಿ, 1909ರಲ್ಲಿ ಮೂಲವನ್ನೂ 1915ರಲ್ಲಿ ಇಂಗ್ಲಿಷ್ ಅನುವಾದವನ್ನೂ ಲೋಕಕ್ಕೆ ಕೊಟ್ಟವರು ಆರ್. ಶಾಮಶಾಸ್ತ್ರಿಗಳು, ಈ ಕೀರ್ತಿ ಕನ್ನಡನಾಡಿಗೆ ಸಂದದ್ದು. ಗ್ರಂಥದ ಆರನೆಯ ಅಧಿಕರಣದಲ್ಲಿ ಮಂಡಲದ ವಿವರವಿದೆ. ವಿಜಿಗೀಷು ನಡುವೆ, ಅವನ ಮುಂದೆ ಅರಿ, ಮಿತ್ರ, ಅರಿಮಿತ್ರ, ಮಿತ್ರಮಿತ್ರ, ಅರಿಮಿತ್ರಮಿತ್ರ, ಹಿಂದೆ ಪಾರ್ಷ್ಣಿಗ್ರಾಹ, ಆಕ್ರಂದ ಮತ್ತು ಅವರವರ ಬೆಂಬಲಿಗರು. ಇಲ್ಲಿಗೆ ಹತ್ತು. ನಮ್ಮ ಲೇಖಕರ ಮಂಡಲ ಈ ಹತ್ತಕ್ಕೇ, ಎಷ್ಟೋ ವೇಳೆ ಮೊದಲ ಮೂರಕ್ಕೇ, ನಿಂತುಬಿಡುತ್ತದೆ. ಆದರೆ ಮಂಡಲ ದ್ವಾದಶರಾಜಕವಾದದ್ದು. ಉಳಿದ ಇಬ್ಬರು ಯಾರು? ಒಬ್ಬನು ಮಧ್ಯಮ: ವಿಜಿಗೀಷುವಿಗೂ ಅರಿಗೂ ಇಬ್ಬರಿಗೂ ನೆರೆಯವನು, ಇಬ್ಬರೂ ಒಂದಾಗದಿದ್ದಾಗ ಅವರನ್ನು ಹಿಡಿದುನಿಲ್ಲಿಸಬಲ್ಲವನು. ಇನ್ನೊಬ್ಬನು ಉದಾಸೀನ: ಇವರೆಲ್ಲರ ನೆಲದ ಆಚೆಗಿರುವವನು, ಇವರೆಲ್ಲರಿಗಿಂತ ಬಲಿಷ್ಠನು, ಇವರು ಒಂದಾಗಿದ್ದರೂ ಬೇರೆಯಾಗಿದ್ದರೂ ಅನುಗ್ರಹಿಸಲೂ, ಬೇರೆಯಾಗಿದ್ದಾಗ ನಿಗ್ರಹಿಸಲೂ ಸಮರ್ಥನು. ಉತ್ ಎಂದರೆ ಮೇಲೆ ಅಥವಾ ಹೊರಗೆ, ಆಸೀನನೆಂದರೆ ಕುಳಿತವನು. ಕನ್ನಡದ ಬಳಕೆಯ ಮಾತಿನಲ್ಲಿ ಉದಾಸೀನವೆಂದರೆ ಅಲಕ್ಷ್ಯವೆಂದಾಯಿತು. ಶಾಸ್ತ್ರದ ಉದಾಸೀನನನ್ನು ನಾವು ಬಳಕೆಯ ಅರ್ಥದಲ್ಲಿ ಉದಾಸೀನ ಮಾಡಿದೆವು ಎಂದರೆ ಶ್ಲೇಷೆಯಷ್ಟೇ ಅಲ್ಲ, ವಸ್ತುಸ್ಥಿತಿಯೂ ಹೌದು.

ಶಾಸ್ತ್ರದಲ್ಲಿಯೂ ಒಂದು ಕೊರತೆ ಇದೆ, ಅದನ್ನು ಮುಚ್ಚಿಡಬೇಕಾಗಿಲ್ಲ. ಒಂಬತ್ತನೆಯ ಅಧಿಕರಣದಲ್ಲಿ ಕೌಟಿಲ್ಯನು ಚಕ್ರವರ್ತಿಕ್ಷೇತ್ರವನ್ನು ಹಿಮವಂತಕ್ಕೂ ಸಮುದ್ರಕ್ಕೂ ನಡುವಣ ಭೂಮಿಗೆ ಸೀಮಿತಗೊಳಿಸುತ್ತಾನೆ. ಆಟ ನಡೆಯುವ ಅಂಗಳಕ್ಕೆ ಇದು ಬೇಲಿ. ಬೇಲಿಯಾಚೆಯಿಂದ ಬರುವವನಿಗೆ ಉದಾಸೀನನ ಪದವಿಯುಂಟೆಂದು ನಾವು ಅರ್ಥಮಾಡಬಹುದಾದರೂ, ಅಲ್ಲಿ ಅವನಿಗೂ ಒಂದು ಮಂಡಲವಿದೆ, ಅವನಿಗೂ ಬೆನ್ನ ಹಿಂದೆ ಒಬ್ಬ ಪಾರ್ಷ್ಣಿಗ್ರಾಹನಿದ್ದಾನೆ ಎಂಬ ಕಡೆಗೆ ಗ್ರಂಥ ನಮ್ಮ ಕಣ್ಣನ್ನು ತಿರುಗಿಸುವುದಿಲ್ಲ. ಕುತೂಹಲದ ಸಂಗತಿಯೆಂದರೆ, ಮೈಸೂರಿನಲ್ಲಿ ಈ ಓಲೆಗಳು ಬೆಳಕಿಗೆ ಬರುವುದಕ್ಕೆ ಒಂದು ವರ್ಷ ಮೊದಲು, 1904ರ ಜನವರಿ 25ರಂದು, ಲಂಡನ್ನಿನ ರಾಯಲ್ ಜಿಯಾಗ್ರಫಿಕಲ್ ಸೊಸೈಟಿಯಲ್ಲಿ ಹ್ಯಾಲ್ಫರ್ಡ್ ಮ್ಯಾಕಿಂಡರನು ಇನ್ನೊಂದು ಮಂಡಲವನ್ನು ಬಿಡಿಸಿ ತೋರಿಸಿದ್ದನು. ಮಧ್ಯ ಏಷ್ಯದ ಹುಲ್ಲುಗಾವಲು ತಿರುಗಣಿ. ಅದರ ಸುತ್ತ ಯೂರೋಪು, ಅರಬಸ್ಥಾನ, ಭಾರತ, ಚೀನಗಳ ಒಳ ಅರ್ಧಚಂದ್ರ. ಅದರಾಚೆಗೆ ಬ್ರಿಟನ್, ಅಮೆರಿಕ, ಜಪಾನುಗಳ ಹೊರ ಅರ್ಧಚಂದ್ರ. ಕೌಟಿಲ್ಯನ ಮಂಡಲಕ್ಕೆ ಸಂಬಂಧಗಳಿವೆ, ಸ್ಥಳವಿಲ್ಲ. ಯಾವ ದೊರೆ ನಿಂತರೂ ನಡುವೆ ಅವನೇ. ಮ್ಯಾಕಿಂಡರನ ಮಂಡಲಕ್ಕೆ ಸ್ಥಳವಿದೆ, ಸಂಬಂಧವಿಲ್ಲ. ಅಂಚಿನಲ್ಲಿರುವವನು ಯಾವಾಗಲೂ ಅಂಚಿನವನೇ. ಒಂದನ್ನು ಮಾತ್ರ ಹಿಡಿದವನಿಗೆ ದೇವಗಿರಿಯ ಕಥೆ ಅರ್ಧ ಮಾತ್ರ ತಿಳಿಯುತ್ತದೆ.

ಆ ಕಥೆಯ ನಮಗೆ ಪರಿಚಿತವಾದ ಅರ್ಧ ಇದು. ಚಾಳುಕ್ಯರು ಕುಗ್ಗಿದ ಮೇಲೆ ಕೃಷ್ಣೆ, ಮಲಪ್ರಭೆ, ತುಂಗಭದ್ರೆಗಳ ನಡುವಣ ಸೀಮೆಗಾಗಿ ಸೇವುಣರೂ ಹೊಯ್ಸಳರೂ ಸುಮಾರು ನೂರು ವರ್ಷ ಕಾದಾಡಿದರು. ಇಮ್ಮಡಿ ಬಲ್ಲಾಳನು ಸೊರಟೂರಿನಲ್ಲಿ ಭಿಲ್ಲಮನನ್ನು ಸೋಲಿಸಿ 1192ರ ಹೊತ್ತಿಗೆ ಲೊಕ್ಕಿಗುಂಡಿಯಲ್ಲಿ ಬೀಡುಬಿಟ್ಟನು. ಮುಂದೆ ಸಿಂಘಣನು ಆ ಸೋಲನ್ನು ಬಡ್ಡಿಸಹಿತ ತೀರಿಸಿಕೊಂಡನು. 1276ರಲ್ಲಿ ರಾಮಚಂದ್ರನ ದಂಡನಾಯಕ ಸಾಳುವ ತಿಕ್ಕಮನು ದೋರಸಮುದ್ರದ ಹತ್ತಿರದವರೆಗೂ ಹೋದನು. ದೋರಸಮುದ್ರವನ್ನು ಸೂರೆಗೊಂಡೆವೆಂದು ಸೇವುಣರ ಶಾಸನ ಹೇಳಿದರೆ, ವೈರಿಯನ್ನು ಅಟ್ಟಿಬಿಟ್ಟೆವೆಂದು ಹೊಯ್ಸಳರ ಶಾಸನ ಹೇಳುತ್ತದೆ. ಎರಡು ಕಡೆಯ ಪ್ರಶಸ್ತಿಕಾರರೂ ಒಂದೇ ಮಾದರಿಯ ಕನ್ನಡದಲ್ಲಿ, ಒಂದೇ ಛಂದಸ್ಸಿನ ಸಂಪತ್ತಿನಿಂದ, ಪರಸ್ಪರರ ಒಡೆಯರನ್ನು ಮಣ್ಣುಗೂಡಿಸಿದ್ದಾರೆ. ಸಾಹಿತ್ಯದ ದೃಷ್ಟಿಯಿಂದ ಅವು ನಮ್ಮ ಸಂಪತ್ತೇ. ಆದರೆ 1192 ಎರಡನೆಯ ತರಾಯಿನ್ ಯುದ್ಧದ ವರ್ಷ. 1276 ಕುಬ್ಲೈಖಾನನ ಸೈನ್ಯವು ಸಂಗ್ ಚೀನದ ರಾಜಧಾನಿಯನ್ನು ವಶಪಡಿಸಿಕೊಂಡ ವರ್ಷ. ಲೊಕ್ಕಿಗುಂಡಿ ಮತ್ತು ಬೆಳವಾಡಿಗಳ ಗೆಲುವನ್ನು ಇಷ್ಟು ಸೊಗಸಾಗಿ ಬಣ್ಣಿಸಿದ ಲೇಖನಿಗಳಿಗೆ ಉತ್ತರದಿಕ್ಕು ಇರಲೇ ಇಲ್ಲವೇನೋ ಎನಿಸುತ್ತದೆ.

ಮಾಳವದ ವಿಷಯದಲ್ಲಿ ಮಂಡಲಸೂತ್ರದ ಅಪಾಯ ಇನ್ನೂ ಸ್ಪಷ್ಟವಾಗಿ ಗೋಚರಿಸುತ್ತದೆ. ಚಾಂದವಡದ ಕಣಿವೆಯನ್ನು ದಾಟಿ ಖಾನದೇಶದ ಮೂಲಕ ನರ್ಮದೆಯ ಕಡೆಗೆ ನಡೆದರೆ ಮುಂದಿನ ರಾಜ್ಯ ಪರಮಾರರದು. ಸೂತ್ರದ ಪ್ರಕಾರ ಅವರು ಅರಿಗಳು. ಸಿಂಘಣ, ಕೃಷ್ಣ, ರಾಮಚಂದ್ರ ಮೂವರೂ ಅವರ ಮೇಲೆ ದಂಡೆತ್ತಿ ಹೋದವರೇ. ಪರಮಾರರ ಆಚೆಗೆ ದಿಲ್ಲಿ. ಸೂತ್ರದ ಪ್ರಕಾರ ದಿಲ್ಲಿಯು ಮಿತ್ರಸ್ಥಾನದಲ್ಲಿರಬೇಕು! ಇಲ್ತುತ್‌ಮಿಶನು 1234-35ರಲ್ಲಿಯೇ ಭಿಲ್ಸಾ ಮತ್ತು ಉಜ್ಜಯಿನಿಗಳನ್ನು ಕೊಳ್ಳೆಹೊಡೆದಿದ್ದನು. ತಮಗೂ ದಿಲ್ಲಿಗೂ ನಡುವೆ ಇದ್ದ ಏಕಮಾತ್ರ ತಡೆಗೋಡೆಯನ್ನು ದಕ್ಷಿಣದಿಂದ ಸೇವುಣರು ಕೆಡವುತ್ತಿದ್ದರು, ಉತ್ತರದಿಂದ ಸುಲ್ತಾನರು ಕೆಡವುತ್ತಿದ್ದರು. ಗೋಡೆ ಬಿದ್ದಮೇಲೆ ಮಿತ್ರನೆನಿಸಬೇಕಾದವನು ನೆರೆಯವನಾದನು. ಕಡಾ ಪ್ರಾಂತದ ಅಧಿಕಾರಿಯಾಗಿದ್ದ ಅಲಾವುದ್ದೀನನು ಭಿಲ್ಸಾದ ಮೇಲೆ ಬಿದ್ದಾಗ ದೇವಗಿರಿಯ ಐಶ್ವರ್ಯದ ಸುದ್ದಿಯನ್ನು ಕೇಳಿದನಂತೆ. 1296ರಲ್ಲಿ, ತನ್ನ ಮಾವನಾದ ಸುಲ್ತಾನನಿಗೂ ತಿಳಿಸದೆ, ಎಲಿಚಪುರದ ದಾರಿಯಿಂದ ಅವನು ದೇವಗಿರಿಯ ಕೋಟೆಯ ಬುಡಕ್ಕೇ ಬಂದು ನಿಂತನು. ಚಾಂದವಡದ ಬಾಗಿಲಿಂದ ಅವನು ಬರಲಿಲ್ಲ; ಮನೆಗೆ ಬೇರೆ ಬಾಗಿಲುಗಳೂ ಇದ್ದವು. ಯುವರಾಜನೊಡನೆ ಸೇವುಣರ ಮುಖ್ಯ ಸೈನ್ಯ ಆಗ ದೂರದಲ್ಲಿತ್ತು.

ಇಲ್ಲಿಂದ ಮುಂದಿನದು ಕಥೆಯ ಇನ್ನೊಂದು ಅರ್ಧ. ನಮ್ಮ ಪಾಠಪುಸ್ತಕಗಳಲ್ಲಿ ಅದಕ್ಕೆ ಎಡೆಯಿಲ್ಲ. ಚೆಂಗಿಸ್‌ಖಾನನ ವಂಶಜರ ಸಾಮ್ರಾಜ್ಯ ಈ ಹೊತ್ತಿಗೆ ನಾಲ್ಕಾಗಿ ಒಡೆದಿತ್ತು. ಚೀನದಲ್ಲಿ ಕುಬ್ಲೈ ಮತ್ತು ಅವನ ಉತ್ತರಾಧಿಕಾರಿಗಳು, ಪರ್ಷಿಯದಲ್ಲಿ ಹುಲಗುವಿನ ಸಂತತಿಯ ಇಲ್‌ಖಾನರು, ವೋಲ್ಗಾದ ಕಡೆ ಜೋಚಿಯ ಸಂತತಿ, ನಡುವೆ ಚಗತಾಯ್ ಮನೆತನ. ಮಧ್ಯ ಏಷ್ಯದಲ್ಲಿ ಕೈದುವು 1301ರಲ್ಲಿ ಸಾಯುವವರೆಗೂ ಕುಬ್ಲೈ ಮನೆತನದೊಡನೆ ಹೋರಾಡಿದನು; ಚಗತಾಯ್ ದೊರೆ ದುವಾ ಅವನ ಸಹಚರ. ಪೂರ್ವಕ್ಕೆ ಚೀನದ ಖಾನ, ಪಶ್ಚಿಮಕ್ಕೆ ಪರ್ಷಿಯದ ಖಾನ. ಎರಡೂ ದಿಕ್ಕಿನಲ್ಲಿ ದಾರಿ ಮುಚ್ಚಿದ ಚಗತಾಯ್ ಮಂಗೋಲರು ದಕ್ಷಿಣಕ್ಕೆ, ಸಿಂಧೂನದಿಯ ಕಡೆಗೆ, ತಿರುಗಿದರು ಎಂಬುದು ಇತಿಹಾಸಕಾರರ ವಿವರಣೆ. ಅಂದರೆ ದಿಲ್ಲಿಗೂ ಒಬ್ಬ ಉದಾಸೀನನಿದ್ದನು, ಆ ಉದಾಸೀನನಿಗೂ ಇಬ್ಬರು ವೈರಿಗಳಿದ್ದರು. 1299ರಲ್ಲಿ ಕುತ್ಲುಗ್ ಖ್ವಾಜನು ದಿಲ್ಲಿಯ ಹೊಸ್ತಿಲಿಗೇ ಬಂದನು. 1303ರಲ್ಲಿ, ಸುಲ್ತಾನನ ಒಂದು ಸೈನ್ಯ ಓರುಗಲ್ಲಿನ ಕಡೆ ಹೋಗಿ ಸೋತು ಬಳಲಿದ್ದಾಗ, ತರಘಿಯು ದಿಲ್ಲಿಯನ್ನೇ ಮುತ್ತಿದನು. 1305, 1306ರಲ್ಲಿ ಮತ್ತೆ ದಾಳಿಗಳು. ಇದಕ್ಕೆ ಉತ್ತರವಾಗಿ ಅಲಾವುದ್ದೀನನು ನಗದು ಸಂಬಳದ ದೊಡ್ಡ ಸ್ಥಾಯೀ ಸೈನ್ಯ ಕಟ್ಟಿದನು, ಕುದುರೆಗಳಿಗೆ ಮುದ್ರೆ ಹಾಕಿಸಿದನು, ಸಿಪಾಯಿಯ ಸಂಬಳದಲ್ಲಿ ಸಂಸಾರ ನಡೆಯುವಂತೆ ದಿಲ್ಲಿಯ ಪೇಟೆಯಲ್ಲಿ ಧಾನ್ಯಕ್ಕೂ ಬಟ್ಟೆಗೂ ಧಾರಣೆ ಕಟ್ಟಿದನು.

ಈ ಖರ್ಚಿಗೆ ಜಮೆ ಎಲ್ಲಿಂದ ಬಂತು? ಲೆಕ್ಕದ ವೃತ್ತಿಯವನಾದ ನನಗೆ ಈ ಪ್ರಶ್ನೆಯನ್ನು ಬಿಟ್ಟು ಮುಂದೆ ಹೋಗಲಾಗುವುದಿಲ್ಲ. ದೋಆಬಿನ ಕಂದಾಯ ಮುಖ್ಯ ಆಧಾರ, ನಿಜ. ಆದರೆ ಅಲಾವುದ್ದೀನನಿಗೆ ಸಿಂಹಾಸನವನ್ನು ಕೊಂಡುಕೊಟ್ಟದ್ದು ದೇವಗಿರಿಯ ಬಂಗಾರ. ಮೂರು ಶತಮಾನಗಳ ತರುವಾಯ ಬಿಜಾಪುರದಲ್ಲಿ ಕುಳಿತು ಬರೆದ ಫಿರಿಷ್ತನು ಆರುನೂರು ಮಣ ಬಂಗಾರವೆಂದು ಹೇಳುತ್ತಾನೆ. ಮಣವೆಂದರೆ ಯಾವ ಮಣ ಎಂಬುದು ತೀರ್ಮಾನವಾಗದೆ ಆ ಅಂಕಿಯನ್ನು ಖಾತೆಗೆ ಹಚ್ಚುವಂತಿಲ್ಲ. ಅದಕ್ಕಿಂತ ಸಮೀಪದವನಾದ ಬರನಿಯು, ಇಷ್ಟು ದುಂದಾದ ಮೇಲೆಯೂ ಆ ಸಂಪತ್ತಿನ ಉಳಿಕೆ ಫಿರೋಜ್ ಷಹನ ಕಾಲದವರೆಗೂ ಇತ್ತೆಂಬರ್ಥದ ಮಾತನ್ನಾಡುತ್ತಾನೆ; ವಿಮರ್ಶಕನಿಗೆ ಅಷ್ಟು ಸಾಕು. ಹೀಗೆ ಗೋದಾವರೀತೀರದ ಧನವು ಮಂಗೋಲರೆದುರಿನ ಗೋಡೆಗೆ ಗಾರೆಯಾಯಿತು. ಬರನಿಯೇ ಇನ್ನೊಂದು ಸಂಗತಿಯನ್ನು ಬರೆದಿಟ್ಟಿದ್ದಾನೆ. ಅಲೆಕ್ಸಾಂಡರನಂತೆ ಜಗತ್ತನ್ನು ಗೆಲ್ಲುವೆನೆಂದು ಹೊರಟ ಸುಲ್ತಾನನಿಗೆ ದಿಲ್ಲಿಯ ಕೊತವಾಲ ಅಲಾ-ಉಲ್-ಮುಲ್ಕನು, ಬರನಿಯ ಚಿಕ್ಕಪ್ಪನೇ ಆದವನು, ಮುಲ್ತಾನ, ದೀಪಾಲಪುರಗಳಲ್ಲಿ ಮಂಗೋಲರ ದಾರಿಯನ್ನು ಮುಚ್ಚು, ಹಿಂದೂಸ್ಥಾನದ ರಾಜ್ಯಗಳನ್ನು ನೋಡು ಎಂದು ಬುದ್ಧಿ ಹೇಳಿದನಂತೆ. ಈ ಮಂತ್ರಾಲೋಚನೆಯಲ್ಲಿ ಎರಡು ದಿಕ್ಕುಗಳಿವೆ. ಸೇವುಣ, ಹೊಯ್ಸಳರ ಪ್ರಶಸ್ತಿಗಳಲ್ಲಿ ಒಂದೇ ಇದೆ.

ಮುಂದಿನ ಘಟನೆಗಳ ಕಾಲಾನುಕ್ರಮವನ್ನು ಗಮನಿಸಬೇಕು. 1307ರಲ್ಲಿ ದುವಾ ತೀರಿಕೊಂಡನು. ಚಗತಾಯ್ ಮನೆಯಲ್ಲಿ ಒಳಜಗಳ ಹುಟ್ಟಿತು. ದಿಲ್ಲಿಯ ಮೇಲಿನ ಒತ್ತಡ ಸಡಿಲಿತು. ಮಲಿಕ್ ಕಾಫೂರನ ದಕ್ಷಿಣದ ದಂಡಯಾತ್ರೆಗಳು 1307-08ರಲ್ಲಿ ದೇವಗಿರಿಯಿಂದಲೇ ಆರಂಭವಾಗಿ, 1310ರಲ್ಲಿ ಓರುಗಲ್ಲು, 1311ರಲ್ಲಿ ದೋರಸಮುದ್ರ ಮತ್ತು ಮಧುರೆಗಳವರೆಗೂ ಸಾಗಿದವು. ಸಮರಕಂದದ ಹುಲ್ಲುಗಾವಲಿನಲ್ಲಿ ಗಾಳಿ ತಿರುಗಿದ್ದು ಹಳೇಬೀಡಿನಲ್ಲಿ ತಿಳಿದದ್ದು ಹೀಗೆ. ಆ ದಂಡು ದೋರಸಮುದ್ರಕ್ಕೆ ಹೋಗುವಾಗ ದಾರಿ ತೋರಿಸಿ ನೆರವಾದವರು ರಾಮಚಂದ್ರನ ಅಧಿಕಾರಿಗಳು. ದಿಲ್ಲಿಯಿಂದ ರಾಯರಾಯಾನ್ ಎಂಬ ಬಿರುದನ್ನು ಪಡೆದಿದ್ದ ಸಾಮಂತನಿಗೆ ಬೇರೆ ದಾರಿ ಇರಲಿಲ್ಲವೆಂದು ಹೇಳಬಹುದು; ನೂರು ವರ್ಷದ ನೆರೆಯ ವೈರಿಯ ಸರ್ವನಾಶದಲ್ಲಿ ಅವನಿಗೆ ಬೇಸರವಿತ್ತೆಂದು ಮಾತ್ರ ಯಾವ ಆಧಾರವೂ ಹೇಳುವುದಿಲ್ಲ. ಅತ್ತ ಮುಮ್ಮಡಿ ಬಲ್ಲಾಳನು, ಉತ್ತರದ ಗಡಿಯನ್ನು ಬಿಟ್ಟು, ಪಾಂಡ್ಯರ ದಾಯಾದಿ ಕಲಹದಲ್ಲಿ ಲಾಭ ಹುಡುಕುತ್ತ ತಮಿಳುನಾಡಿಗೆ ಹೋಗಿದ್ದನು. ಇಬ್ಬರೂ ಮಂಡಲಸೂತ್ರವನ್ನು ಅಕ್ಷರಶಃ ಪಾಲಿಸಿದರು. 1313ರಲ್ಲಿ ರಾಮಚಂದ್ರನ ಮಗ ಶಂಕರದೇವನು ಹತನಾದನು. 1318ರ ಹೊತ್ತಿಗೆ ದೇವಗಿರಿಯ ರಾಜ್ಯವೇ ಇಲ್ಲವಾಯಿತು. 1327ರಲ್ಲಿ ಅದು ದೌಲತಾಬಾದಾಯಿತು. ಬಲ್ಲಾಳನು 1342ರ ಸುಮಾರಿಗೆ ಮಧುರೆಯ ಕಡೆ ಪ್ರಾಣ ಕಳೆದುಕೊಂಡನು.

1310ರ ಪುರುಷೋತ್ತಮಪುರಿಯ ತಾಮ್ರಶಾಸನವನ್ನು ಇಲ್ಲಿ ನೆನೆಯದಿರಲಾಗದು. ದಿಲ್ಲಿಗೆ ಕಪ್ಪ ಕೊಡುತ್ತಿದ್ದ ಆ ದಿನಗಳಲ್ಲಿ ಹೊರಟ ಈ ಶಾಸನವು ರಾಮಚಂದ್ರನು ವಾರಾಣಸಿಯಿಂದ ಮ್ಲೇಚ್ಛರನ್ನು ಹೊಡೆದೋಡಿಸಿದನೆಂದು ಹೇಳುತ್ತದೆ. 1296ಕ್ಕೆ ಮೊದಲಿನ ಯಾವುದೋ ಸಾಹಸದ ನೆನಪು ಇದಾಗಿರಬಹುದೆಂದು ಕೆಲವರು ಸಮರ್ಥಿಸುತ್ತಾರೆ. ಹಾಗೇ ಇರಲಿ. ಶಾಸನವನ್ನು ಕಾಲನಿರ್ಣಯಕ್ಕಾಗಿ ಓದುವಷ್ಟು ಶ್ರದ್ಧೆಯಿಂದ ಅದರ ಮೌನಕ್ಕಾಗಿಯೂ ಓದಬೇಕು. ಹದಿನಾಲ್ಕು ವರ್ಷಗಳ ಹಿಂದಿನ ದೇವಗಿರಿಯ ಸೂರೆಯ ಬಗೆಗೆ ಅದು ಆಡುವ ಮಾತು ಯಾವುದೂ ಇಲ್ಲ.

ಇಷ್ಟೆಲ್ಲ ಹೇಳಿದಮೇಲೆ ಒಂದು ಆಕ್ಷೇಪಕ್ಕೆ ಉತ್ತರ ಕೊಡಬೇಕು. ಏಳುನೂರು ವರ್ಷಗಳ ಹಿಂದೆ ದೇವಗಿರಿಯಲ್ಲಿದ್ದವರಿಗೆ ಸಮರಕಂದದ ಸುದ್ದಿ ತಿಳಿಯುವ ಬಗೆ ಹೇಗೆ, ಇಂದಿನ ಭೂಪಟವನ್ನು ಕೈಯಲ್ಲಿ ಹಿಡಿದು ಅಂದಿನವರನ್ನು ದೂಷಿಸುವುದು ನ್ಯಾಯವೇ ಎಂಬುದು ಆ ಆಕ್ಷೇಪ. ಇದಕ್ಕೆ ಉತ್ತರ ಕುದುರೆಲಾಯದಲ್ಲಿದೆ. ದಖ್ಖಣದಲ್ಲಿ ಒಳ್ಳೆಯ ಕುದುರೆ ಹುಟ್ಟುವುದಿಲ್ಲ, ಹುಟ್ಟಿದರೂ ಬಾಳುವುದಿಲ್ಲ. ಹೊರ್ಮುಜ್, ಕೀಶ್, ಬಹರೈನ್‌ಗಳಿಂದ ವರ್ಷಕ್ಕೆ ಹತ್ತು ಸಾವಿರ ಕುದುರೆಗಳು, ತಲೆಗೆ 220 ದೀನಾರಿನಂತೆ, ಪಾಂಡ್ಯರ ಮಾಬಾರಕ್ಕೂ ಖಂಭಾಯತಕ್ಕೂ ನೆರೆಯ ರೇವುಗಳಿಗೂ ಬರುತ್ತಿದ್ದುವೆಂದು ಇಲ್‌ಖಾನರ ಆಸ್ಥಾನದ ಇತಿಹಾಸಕಾರ ವಸ್ಸಾಫನು ಬರೆದಿದ್ದಾನೆ. ಗುಣಿಸಿದರೆ 22 ಲಕ್ಷ ದೀನಾರು. ಅಂಕಿ ಉತ್ಪ್ರೇಕ್ಷೆಯೆಂದು ಅರ್ಧಕ್ಕೆ ಇಳಿಸಿದರೂ ಅಲ್ಪವಲ್ಲ. ಠಾಣೆಯ ದೊರೆಯು ಕಡಲ್ಗಳ್ಳರೊಡನೆ ಒಪ್ಪಂದ ಮಾಡಿಕೊಂಡು, ಹಿಡಿದ ಹಡಗಿನ ಕುದುರೆಗಳೆಲ್ಲ ತನಗೆ, ಉಳಿದ ಸರಕು ಅವರಿಗೆ ಎಂದು ಗೊತ್ತುಮಾಡಿದ್ದನೆಂದು ಮಾರ್ಕೊ ಪೋಲೋ ಹೇಳುತ್ತಾನೆ. (ನಮ್ಮವರು ಕುದುರೆಗಳಿಗೆ ಬೇಯಿಸಿದ ಅನ್ನ, ಮಾಂಸ ತಿನ್ನಿಸಿ ಕೊಲ್ಲುತ್ತಿದ್ದರೆಂಬ ಅವನ ದೂರನ್ನು ಅಶ್ವವೈದ್ಯರೇ ವಿಚಾರಿಸಲಿ.) ಕುದುರೆಯ ಬೆಲೆಯನ್ನು ಪ್ರತಿವರ್ಷ ಕೊಡುತ್ತಿದ್ದವನು ಕುದುರೆ ಬರುವ ದೇಶದ ಸ್ಥಿತಿಯನ್ನು ಕೇಳಿ ತಿಳಿಯದೆ ಇರಲಾರನು. ಪರ್ಷಿಯದ ಸುದ್ದಿ ಬಂದರಿಗೆ ಬರುತ್ತಿತ್ತು. ಅದು ಬಂದರಿನಿಂದ ಸಂಧಿವಿಗ್ರಹಿಯ ಮನೆಗೆ ಹೋಗುವ ದಾರಿಯಲ್ಲಿ ಎಲ್ಲಿಯೋ ನಿಂತುಹೋಯಿತು. ನಿಂತದ್ದು ತಿಳಿವಳಿಕೆಯ ಅಭಾವದಿಂದ ಅಲ್ಲ, ಅದನ್ನು ಇಡಲು ಮಂಡಲದಲ್ಲಿ ಮನೆ ಇಲ್ಲದ್ದರಿಂದ.

ಮಹಾಮಂತ್ರಿ ಹೇಮಾದ್ರಿಯು ವ್ರತ, ದಾನಗಳ ಗ್ರಂಥ ಬರೆಯುತ್ತ ಕುಳಿತದ್ದರಿಂದ ರಾಜ್ಯ ಹಾಳಾಯಿತೆಂಬ ಒಂದು ಆರೋಪ ಮರಾಠಿಯಲ್ಲಿಯೂ ಕನ್ನಡದಲ್ಲಿಯೂ ಕೇಳಿಬರುತ್ತದೆ. ಇದು ಅನ್ಯಾಯ. ಕರಣಾಧಿಪನು ಧರ್ಮಗ್ರಂಥ ಬರೆದುದಕ್ಕೂ ಗಡಿ ಕಾಯದುದಕ್ಕೂ ಕಾರ್ಯಕಾರಣ ಸಂಬಂಧವನ್ನು ಯಾರೂ ತೋರಿಸಿಲ್ಲ. ನೀತಿಗ್ರಂಥಗಳಿಗೂ ನಮ್ಮಲ್ಲಿ ಬರವಿರಲಿಲ್ಲ. ಯಶಸ್ತಿಲಕದ ಸೋಮದೇವನ ನೀತಿವಾಕ್ಯಾಮೃತ ಈ ಭಾಗದ್ದೇ. ನನ್ನ ದೃಷ್ಟಿಯಲ್ಲಿ ಇವೆಲ್ಲಕ್ಕಿಂತ ಹರಿತವಾದುದು ನಮ್ಮ ದುರ್ಗಸಿಂಹನ ಪಂಚತಂತ್ರ. ಚಾಳುಕ್ಯ ಜಗದೇಕಮಲ್ಲ ಜಯಸಿಂಹನಲ್ಲಿ ಸಂಧಿವಿಗ್ರಹಿಯಾಗಿದ್ದವನು, ಅಂದರೆ ಇಂದಿನ ಮಾತಿನಲ್ಲಿ ವಿದೇಶಾಂಗ ಖಾತೆಯವನು, 1031ರ ಸುಮಾರಿಗೆ ವಸುಭಾಗಭಟ್ಟನ ಪರಂಪರೆಯನ್ನು ಹಿಡಿದು ಬರೆದ ಈ ಗ್ರಂಥ ಆರಂಭವಾಗುವುದು ಭೇದಪ್ರಕರಣದಿಂದ. ಅಲ್ಲಿ ಸಿಂಹಕ್ಕೂ ಎತ್ತಿಗೂ ಗಡಿಯ ತಂಟೆಯಿಲ್ಲ, ಹುಟ್ಟುವೈರವೂ ನೆನಪಿಗೆ ಬರುವುದಿಲ್ಲ, ಇಬ್ಬರೂ ಗೆಳೆಯರು. ಮೂರನೆಯವನೊಬ್ಬನ ಮಾತು ಅವರನ್ನು ಶತ್ರುಗಳನ್ನಾಗಿಸುತ್ತದೆ. ಅಧಿಕಾರದ ಗದ್ದುಗೆಯ ಬಳಿ ಕುಳಿತು ಪತ್ರ ಬರೆದವನಿಗೆ ವೈರವು ಭೂಪಟದಿಂದ ಹುಟ್ಟುವುದಿಲ್ಲ, ಹುಟ್ಟಿಸಲ್ಪಡುತ್ತದೆ ಎಂಬುದು ಗೊತ್ತಿತ್ತು. ಪಂಚತಂತ್ರದ ಕಥೆಗಳು ಆರನೆಯ ಶತಮಾನದಲ್ಲಿಯೇ ಖುಸ್ರೋ ಅನೂಷಿರವಾನನ ಆಸ್ಥಾನದಲ್ಲಿ ಪಹಲವಿಯಾಗಿ, ಎಂಟನೆಯದರಲ್ಲಿ ಅರಬ್ಬಿಯ ಕಲೀಲ ವ ದಿಮ್ನವಾಗಿ, ಯೂರೋಪಿನವರೆಗೂ ಸಂಚರಿಸಿದುವು. ನಮ್ಮ ನರಿಗಳು ಯೂರೇಷ್ಯವನ್ನೆಲ್ಲ ಸುತ್ತಿದುವು. ನಮ್ಮ ಮಂತ್ರಿಗಳು ವಿಂಧ್ಯದಲ್ಲಿ ನಿಂತರು.

ಚಾಂದವಡದ ಬಾಗಿಲು ಇನ್ನೊಮ್ಮೆ ಇದೇ ಪಾಠವನ್ನು ಕಂಡಿತು. 1803ರಲ್ಲಿ ಶಿಂದೆ ಮತ್ತು ಭೋಸಲೆಯವರು ಇಂಗ್ಲಿಷರೊಡನೆ ಅಸಾಯೆಯಲ್ಲಿ ಕಾದಾಡಿದಾಗ ಯಶವಂತರಾವ್ ಹೋಳಕರನು ನೆರೆಯ ವೈರಿಯಾದ ಶಿಂದೆಯ ಸೋಲನ್ನು ದೂರದಿಂದ ನೋಡಿದನು. ಮರುವರ್ಷ ಅವನು ಒಬ್ಬನೇ ಕಾದಬೇಕಾಯಿತು. ಚಾಂದವಡ ಕರ್ನಲ್ ವಾಲೇಸನ ಕೈಸೇರಿತು. ಮರಳಿ ದೊರೆತದ್ದು 1818ರ ಮಂದಸೋರ್ ಒಪ್ಪಂದದ ತರುವಾಯ ಶಾಶ್ವತವಾಗಿ ಹೋಯಿತು. ಶಿಂದೆಯ ಸೈನ್ಯದಲ್ಲಿದ್ದ ಫ್ರೆಂಚ್ ಅಧಿಕಾರಿಗಳನ್ನು ಕಂಡು ವೆಲ್ಲೆಸ್ಲಿ ಎಷ್ಟು ತಳಮಳಗೊಂಡಿದ್ದನು, ನೆಪೋಲಿಯನ್ನನ ಹೆಸರು ಕಲ್ಕತ್ತೆಯ ಆಲೋಚನೆಗಳಲ್ಲಿ ಎಷ್ಟು ಸಲ ಬಂದಿತು ಎಂಬುದನ್ನು ಶ್ರೀರಂಗಪಟ್ಟಣದ ಇತಿಹಾಸ ತಿಳಿದ ನಮ್ಮ ವಾಚಕರಿಗೆ ವಿವರಿಸಬೇಕಾಗಿಲ್ಲ.

ಈಗ ಇಂದಿನ ಲೇಖನಗಳ ಕಡೆಗೆ ಬರೋಣ. ಚಾಂದವಡದಿಂದ ನಾಶಿಕಕ್ಕೆ ಬರುವ ಅದೇ ಹೆದ್ದಾರಿಯಲ್ಲಿ ಓಝರ್ ಇದೆ. ಅಲ್ಲಿನ ಹಿಂದೂಸ್ಥಾನ್ ಏರೋನಾಟಿಕ್ಸ್ ಕಾರ್ಖಾನೆ 1964ರಲ್ಲಿ ಸೋವಿಯತ್ ಪರವಾನಗಿಯಲ್ಲಿ ಮಿಗ್-21 ವಿಮಾನಗಳನ್ನು ಕಟ್ಟುವುದಕ್ಕಾಗಿ ಹುಟ್ಟಿತು. ನಾಶಿಕದ ಎಷ್ಟೋ ಕನ್ನಡ ಸಂಸಾರಗಳಿಗೆ ಅನ್ನ ಕೊಟ್ಟಿತು. ಚೀನವು ಭಾರತಕ್ಕೂ ನೆರೆ, ರಷ್ಯಕ್ಕೂ ನೆರೆ. ಆದುದರಿಂದ ರಷ್ಯ ನಮ್ಮ ಮಿತ್ರ ಎಂದು ಸೂತ್ರ ಹೇಳಿತು. 1969ರಲ್ಲಿ ಉಸ್ಸೂರಿ ನದಿಯ ಮೇಲೆ ರಷ್ಯ ಚೀನಗಳು ಗುಂಡು ಹಾರಿಸಿದವು, 1971ರ ಆಗಸ್ಟ್ 9ರಂದು ಭಾರತ ಸೋವಿಯತ್ ಒಪ್ಪಂದವಾಯಿತು, ಸೂತ್ರ ಗೆದ್ದಿತು. ಆದರೆ 2001ರಲ್ಲಿ ರಷ್ಯ ಚೀನಗಳು ಸೌಹಾರ್ದದ ಒಪ್ಪಂದ ಮಾಡಿಕೊಂಡವು. 2008ರ ಹೊತ್ತಿಗೆ ನಾಲ್ಕು ಸಾವಿರ ಕಿಲೋಮೀಟರಿಗೂ ಮಿಕ್ಕ ಗಡಿಯ ತಕರಾರನ್ನು ತೀರಿಸಿಕೊಂಡವು. 2022ರ ಫೆಬ್ರವರಿ 4ರಂದು ತಮ್ಮ ಗೆಳೆತನಕ್ಕೆ ಮಿತಿಯಿಲ್ಲವೆಂದು ಸಾರಿದವು. ಒಂದು ಅಂಗುಲ ನೆಲವೂ ತನ್ನ ಜಾಗದಿಂದ ಕದಲಲಿಲ್ಲ. ನೆರೆಯವರು ನೆರೆಯವರಾಗಿಯೇ ಉಳಿದು ಮಿತ್ರರಾದರು. ಶತ್ರುವಿನ ಶತ್ರುವಿನ ಮೇಲಿಟ್ಟ ನಂಬಿಕೆ ಸಹಿಯಿಲ್ಲದ ಜಾಮೀನುಪತ್ರದಂತೆ. ಸಾಲ ವಸೂಲಾಗುವವರೆಗೂ ಅದರ ದೋಷ ತಿಳಿಯುವುದಿಲ್ಲ.

ಕೌಟಿಲ್ಯನಿಗೆ ಇದು ತಿಳಿದಿರಲಿಲ್ಲವೆನ್ನುವುದೂ ತಪ್ಪು. ಏಳನೆಯ ಅಧಿಕರಣದ ಕೊನೆಯ ಅಧ್ಯಾಯದಲ್ಲಿ ಅವನು ನೆರೆಯ ಸಾಮಂತರನ್ನು ಅರಿಭಾವಿ, ಮಿತ್ರಭಾವಿ, ಭೃತ್ಯಭಾವಿ ಎಂದು ಮೂರು ಬಗೆಯಾಗಿ ವಿಂಗಡಿಸುತ್ತಾನೆ. ನೆರೆಯವನು ಮಿತ್ರನೂ ಆಗಬಹುದೆಂಬ ಈ ವಾಕ್ಯವನ್ನು ಉದ್ಧರಿಸಿದ ಕನ್ನಡ ಲೇಖನ ನನ್ನ ಕಣ್ಣಿಗೆ ಬಿದ್ದಿಲ್ಲ. ಒಬ್ಬನೊಡನೆ ಸಂಧಿ, ಇನ್ನೊಬ್ಬನೊಡನೆ ವಿಗ್ರಹ ಎಂಬ ದ್ವೈಧೀಭಾವವೂ ಷಾಡ್ಗುಣ್ಯದಲ್ಲಿ ಒಂದು. 2022ರ ಮೊದಲು ಭಾರತ ಕೊಳ್ಳುವ ಕಚ್ಚಾತೈಲದಲ್ಲಿ ನೂರಕ್ಕೆ ಎರಡಕ್ಕಿಂತ ಕಡಮೆಯಿದ್ದ ರಷ್ಯದ ಪಾಲು 2023ರಲ್ಲಿ ಮೂರನೆಯ ಒಂದು ಭಾಗವನ್ನು ಮುಟ್ಟಿತು. ಅದೇ ಕಾರಣಕ್ಕೆ 2025ರ ಆಗಸ್ಟಿನಲ್ಲಿ ಅಮೆರಿಕವು ನಮ್ಮ ಸರಕಿನ ಮೇಲೆ ಶೇಕಡ 25ರ ಹೆಚ್ಚುವರಿ ಸುಂಕ ಹೇರಿತು. ಅದೇ ವರ್ಷದ ಅಕ್ಟೋಬರ್ 17ರಂದು ಓಝರಿನಿಂದ ಹಾರಿದ ತೇಜಸ್ ಮಾರ್ಕ್ 1ಎ ವಿಮಾನದ ಎಂಜಿನು ಅಮೆರಿಕದ್ದು. ಮಿಗ್ ಕಟ್ಟಿದ ಕೈಗಳೇ ಅದನ್ನೂ ಕಟ್ಟಿದುವು. ಇದನ್ನು ಯಾವ ಒಂದು ವೃತ್ತದಲ್ಲಿ ಬರೆಯಬಹುದೆಂದು ಸೂತ್ರಪ್ರಿಯರು ತೋರಿಸಿಕೊಡಲಿ.

ಒಂದು ಕೆಲಸ ಮಾತ್ರ ನಮ್ಮಂಥವರಿಂದ ಆಗಬಹುದಾದದ್ದು ಉಳಿದಿದೆ. ಸೇವುಣರ ಕನ್ನಡ ಶಾಸನಗಳನ್ನು ವಂಶಾವಳಿಗಾಗಿಯೂ ಭಾಷೆಯ ಗಡಿಗಾಗಿಯೂ ಓದಿದ್ದಾಗಿದೆ. ಅವುಗಳಲ್ಲಿ ಕುದುರೆ, ಸುಂಕ, ಪರದೇಶದ ವರ್ತಕರು, ರೇವುಗಳು ಇವುಗಳ ಉಲ್ಲೇಖ ಎಲ್ಲೆಲ್ಲಿದೆಯೋ ಅದನ್ನು ಹೆಕ್ಕಿ, ವರ್ಷವಾರು ಪಟ್ಟಿಮಾಡಿ, ವಸ್ಸಾಫ, ಬರನಿಗಳ ವರ್ಷಗಳ ಪಕ್ಕದಲ್ಲಿಟ್ಟು ನೋಡಬೇಕು. ನಾಶಿಕ ಮತ್ತು ಛತ್ರಪತಿ ಸಂಭಾಜಿನಗರಗಳಲ್ಲಿರುವ ನಮ್ಮ ಸದಸ್ಯರು ಸಿನ್ನರ, ಚಾಂದವಡ, ದೇವಗಿರಿಗಳ ಸುತ್ತಿನಿಂದ ಈ ಪಟ್ಟಿಯನ್ನು ಆರಂಭಿಸಬಹುದು.